ಬಾಗಿಲ ಮೇಲಿನ ಹೆಸರು: ಸ್ಟಾಕ್‌ಹೋಮ್‌ನ ಒಂದು ಸ್ಫೋಟ, ಒಂಬತ್ತು ಮನೆ

2025ರ ಜನವರಿಯ ಒಂದು ರಾತ್ರಿ, ಮೂರು ಗಂಟೆ ದಾಟಿದ ಮೇಲೆ, ನಮ್ಮ ಕಟ್ಟಡದ ಮುಂಬಾಗಿಲಲ್ಲಿ ಬಾಂಬ್ ಸಿಡಿಯಿತು. ಸ್ಟಾಕ್‌ಹೋಮ್‌ನ ದಕ್ಷಿಣಕ್ಕೆ, ಮೆಟ್ರೋದ ಹಸಿರು ಮಾರ್ಗದಲ್ಲಿ ಬರುವ ಬಡಾವಣೆ ನಮ್ಮದು. 1950ರ ದಶಕದ ನಾಲ್ಕಂತಸ್ತಿನ ಕಟ್ಟಡ, ಒಂದೇ ಮೆಟ್ಟಿಲು, ಒಂಬತ್ತು ಮನೆ. ಯಾರೂ ಸಾಯಲಿಲ್ಲ. ಕೆಳಗಿನ ಮನೆಯ ಹೆಂಗಸಿನ ಮುಂಗೈಗೆ ಗಾಜು ತಾಗಿ ನಾಲ್ಕು ಹೊಲಿಗೆ ಬಿತ್ತು. ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಅದೊಂದೇ ತಿಂಗಳಲ್ಲಿ ಸ್ವೀಡನ್ನಿನಲ್ಲಿ 30ಕ್ಕೂ ಹೆಚ್ಚು ಸ್ಫೋಟಗಳಾದವು. ಅಷ್ಟರಲ್ಲಿ ನಮ್ಮದಕ್ಕೆ ನಾಲ್ಕು ಸಾಲಿಗಿಂತ ಹೆಚ್ಚು ಜಾಗ ಸಿಗುವುದೂ ಕಷ್ಟವಿತ್ತು.

ಆ ನಾಲ್ಕು ಸಾಲಿನಲ್ಲಿ ಬರದೆ ಉಳಿದದ್ದನ್ನು ಬರೆದಿಡಬೇಕು ಅನ್ನಿಸಿದೆ. ನಾನು 2013ರಲ್ಲಿ ಇಲ್ಲಿಗೆ ಬಂದವನು. 2019ರಲ್ಲಿ ಪೌರತ್ವ ಪಡೆದೆ. ಮಗಳು ಇಲ್ಲೇ ಹುಟ್ಟಿದ್ದು. ಹೊರಗಿನಿಂದ ಬಂದು ಈ ದೇಶವನ್ನು ತನ್ನದೆಂದುಕೊಂಡ ಒಬ್ಬನಿಗೆ ಇಂಥ ರಾತ್ರಿಯ ನಂತರ ಏನೇನಾಗುತ್ತದೆ ಎಂಬುದು ಯಾವ ಅಂಕಿಅಂಶದ ಪಟ್ಟಿಯಲ್ಲೂ ಸಿಗುವುದಿಲ್ಲ.

ಆದರೂ ಅಂಕಿಗಳನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ದೇಶದ ಹಿಂಸೆಯ ಬಗ್ಗೆ ವಾದಿಸುವ ಎರಡು ಕಡೆಯವರೂ ತಮಗೆ ಬೇಕಾದ ಒಂದೊಂದು ಅಂಕಿಯನ್ನು ಹಿಡಿದುಕೊಂಡೇ ಮಾತಾಡುತ್ತಾರೆ. ಒಂದು ಕೋಟಿಗಿಂತ ಸ್ವಲ್ಪ ಹೆಚ್ಚು ಜನಸಂಖ್ಯೆಯ ದೇಶ ಇದು. 2022ರಲ್ಲಿ ಗುಂಡೇಟಿಗೆ 60ಕ್ಕೂ ಹೆಚ್ಚು ಜನ ಸತ್ತರು. ಯುರೋಪಿನ ಈ ಮೂಲೆಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. 2023ರಲ್ಲಿ ಎಲ್ಲ ಬಗೆಯ ಕೊಲೆ ಸೇರಿ 121 ಸಾವು. 2024ರಲ್ಲಿ ಅದು 92ಕ್ಕೆ ಇಳಿಯಿತು. ಹಾಗಾದರೆ ಪರಿಸ್ಥಿತಿ ಸುಧಾರಿಸಿತು ಅನ್ನಬೇಕು. ಆದರೆ ಅದೇ ಅವಧಿಯಲ್ಲಿ ಸ್ಫೋಟಗಳ ಸಂಖ್ಯೆ 149ರಿಂದ 317ಕ್ಕೆ ಏರಿತು. ಸಾವು ಕಡಿಮೆಯಾಗಿ ಸದ್ದು ಹೆಚ್ಚಾಯಿತು. ಮಾದಕ ವಸ್ತು ಜಾಲಗಳ ನಡುವೆ ಬೀದಿಯಲ್ಲಿ ನಡೆಯುತ್ತಿದ್ದ ಜಗಳ ಮನೆಗಳ ಹೊಸ್ತಿಲಿಗೆ ಬಂತು. ನಮ್ಮ ಪ್ರಕರಣ ಈ ಎರಡನೇ ಲೆಕ್ಕಕ್ಕೆ ಸೇರಿದ್ದು.

ಆ ರಾತ್ರಿ

ನಾವು ಮೊದಲ ಮಹಡಿಯಲ್ಲಿದ್ದೇವೆ. ಸದ್ದು ಕಿವಿಗೆ ಬೀಳುವ ಮೊದಲೇ ಮಂಚ ಅಲುಗಿತು ಎಂದು ನನ್ನ ನೆನಪು. ಹೆಂಡತಿ ಹೇಳುವುದು ಮೊದಲು ಬೆಳಕು ಕಂಡಿತು ಅಂತ. ಮಗಳಿಗೆ ಏನೂ ನೆನಪಿಲ್ಲ. ಎದ್ದು ಕೂತು, ಹೊದಿಕೆ ಎಳೆದುಕೊಂಡು, ಮತ್ತೆ ಮಲಗಿದಳಂತೆ. ಬಾಗಿಲು ತೆರೆದಾಗ ಮೆಟ್ಟಿಲಿನ ತುಂಬ ಬಿಳಿ ಧೂಳು. ಹಬ್ಬದ ಪಟಾಕಿ ಮುಗಿದ ಮೇಲೆ ಓಣಿಯಲ್ಲಿ ಉಳಿಯುವ ವಾಸನೆ. ಕೆಳಗೆ ಮುಂಬಾಗಿಲು ಇರಬೇಕಾದ ಜಾಗದಲ್ಲಿ ಹಿಮ ಬಿದ್ದ ಅಂಗಳ ಕಾಣುತ್ತಿತ್ತು. ಬಾಗಿಲು ಚೌಕಟ್ಟಿನ ಸಮೇತ ಕಿತ್ತು ಒಳಗೆ, ಮಕ್ಕಳ ತಳ್ಳುಗಾಡಿಗಳನ್ನು ಇಡುವ ಮೂಲೆಯಲ್ಲಿ ಬಿದ್ದಿತ್ತು. ಹಗಲು ಹೊತ್ತಿನಲ್ಲಿ ಅಲ್ಲಿ ಸದಾ ಒಂದೆರಡು ಮಕ್ಕಳು ಇರುತ್ತಾರೆ.

112ಕ್ಕೆ ಕರೆ ಮಾಡಿದಾಗ ಅತ್ತ ಕಡೆಯ ದನಿ ನಾನು ವಿಳಾಸ ಹೇಳುವ ಮೊದಲೇ ಬೀದಿಯ ಹೆಸರು ಹೇಳಿತು. ಬೇರೆಯವರು ಆಗಲೇ ಕರೆ ಮಾಡಿದ್ದರು. ಪೊಲೀಸರು ಬಂದು ಕಟ್ಟಡ ಖಾಲಿ ಮಾಡಿಸಿದರು. ಬಾಂಬ್ ನಿಷ್ಕ್ರಿಯ ದಳದವರು ಎರಡನೇ ಬಾಂಬ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವವರೆಗೆ, ಬೆಳಗಿನ ಎಂಟರ ತನಕ, ಒಂಬತ್ತು ಮನೆಯವರು ಬೀದಿಗೆ ತಂದು ನಿಲ್ಲಿಸಿದ ಸಿಟಿ ಬಸ್ಸೊಂದರಲ್ಲಿ ಕೂತಿದ್ದೆವು. ಹನ್ನೊಂದು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದವರು. ಬಟ್ಟೆ ಒಗೆಯುವ ಕೋಣೆಯ ಸರದಿ ಪಟ್ಟಿಯಲ್ಲಿ ಒಬ್ಬರ ಹೆಸರು ಒಬ್ಬರು ನೋಡಿದವರು. ಆ ಬಸ್ಸಿನಲ್ಲಿ ಮೊದಲ ಸಲ ಎಲ್ಲರೂ ಒಟ್ಟಿಗೆ ಕೂತು ಮಾತಾಡಿದೆವು. ಮೂರನೇ ಮಹಡಿಯ ಅಜ್ಜಿಗೆ ಎಂಬತ್ತು ದಾಟಿದೆ. ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು, ನನ್ನ ಮಗಳನ್ನು ಒರಗಿಸಿಕೊಂಡು, ತಾನು ಈ ಕಟ್ಟಡಕ್ಕೆ ಬಂದ ವರ್ಷ ಮುಂಬಾಗಿಲಿಗೆ ಬೀಗವೇ ಇರಲಿಲ್ಲ ಎಂದು ಹೇಳಿದರು. ಕೋಡ್ ಒತ್ತಿ ತೆರೆಯುವ ವ್ಯವಸ್ಥೆ ಬಂದದ್ದು ಆಮೇಲೆ.

ವಿಳಾಸಕ್ಕೆ ಬಂದ ಬಾಂಬ್

ಎರಡನೇ ದಿನ ಪೊಲೀಸ್ ಅಧಿಕಾರಿಯೊಬ್ಬರು ಮನೆಮನೆಗೆ ಬಂದರು. ನಮಗೆ ಅವರು ಹೇಳಿದ ಮುಖ್ಯ ಮಾತು ಒಂದೇ: "ಈಗ ಇಲ್ಲಿ ವಾಸವಿರುವ ಯಾರ ಮೇಲೂ ದ್ವೇಷ ಇದ್ದಂತಿಲ್ಲ. ಬಾಂಬ್ ಬಂದಿರುವುದು ವಿಳಾಸಕ್ಕೆ." ಎರಡನೇ ಮಹಡಿಯ ಒಂದು ಮನೆಯನ್ನು ಮಾಲೀಕರು ಒಂದೂವರೆ ವರ್ಷದ ಹಿಂದೆ ಕೆಲ ತಿಂಗಳು ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆಗಿದ್ದ ದಂಪತಿಯ ಸಂಬಂಧಿಕ ಹುಡುಗನೊಬ್ಬ ತನ್ನ ವಿಳಾಸವನ್ನು ಅಲ್ಲಿಗೆ ನೋಂದಾಯಿಸಿಕೊಂಡಿದ್ದ. ಅವನು ಅಲ್ಲಿ ಮಲಗಿದ್ದು ಎಷ್ಟು ರಾತ್ರಿಯೋ. ಆದರೆ ಹೆಸರು, ಬೀದಿ, ಮನೆ ಸಂಖ್ಯೆ ಎಲ್ಲೋ ಉಳಿದುಕೊಂಡವು.

ಸ್ವೀಡನ್ನಿನಲ್ಲಿ ಇಂಥದ್ದನ್ನು ಕಂಡುಹಿಡಿಯಲು ಪತ್ತೇದಾರಿಕೆ ಬೇಕಿಲ್ಲ. ಯಾರು ಎಲ್ಲಿ ವಾಸಿಸುತ್ತಾರೆ ಎಂಬುದು ತೆರಿಗೆ ಇಲಾಖೆ ಇಟ್ಟುಕೊಳ್ಳುವ ಜನಸಂಖ್ಯಾ ನೋಂದಣಿಯಲ್ಲಿರುತ್ತದೆ, ಮತ್ತು ಆ ನೋಂದಣಿ ಸಾರ್ವಜನಿಕ. ಹೆಸರು ಟೈಪಿಸಿದರೆ ವಿಳಾಸ, ವಯಸ್ಸು, ಜೊತೆಗೆ ವಾಸಿಸುವವರ ಹೆಸರು ತೋರಿಸುವ ತಾಣಗಳಿವೆ. ಇದರ ಬೇರು 1766ರ ಮುದ್ರಣ ಸ್ವಾತಂತ್ರ್ಯ ಕಾಯ್ದೆಯಲ್ಲಿದೆ. ಸರ್ಕಾರದ ಕಡತ ಪ್ರಜೆಯ ಕಡತವೂ ಹೌದು ಎಂದು ಜಗತ್ತಿನಲ್ಲೇ ಮೊದಲು ಕಾನೂನಿನಲ್ಲಿ ಬರೆದ ದೇಶ ಇದು. ಬಂದ ಹೊಸತರಲ್ಲಿ ನನಗೆ ಈ ದೇಶದ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ. ಯಾವ ಕಚೇರಿಗಾದರೂ ಬರೆದು ಕಾಗದ ಕೇಳಬಹುದು. ಯಾಕೆ ಬೇಕು ಎಂದು ಯಾರೂ ಕೇಳುವಂತಿಲ್ಲ. ಪ್ರಧಾನಿಯನ್ನೂ ಏಕವಚನದಲ್ಲೇ ಮಾತಾಡಿಸುವ, ಪ್ರತಿ ಮನೆಯ ಬಾಗಿಲಿನ ಮೇಲೂ ಅಂಚೆಗಿಂಡಿಯ ಪಕ್ಕ ಹೆಸರು ಬರೆದಿರುವ ಸಮಾಜ. ಬಚ್ಚಿಟ್ಟುಕೊಳ್ಳುವಂಥದ್ದು ಏನೂ ಇಲ್ಲ ಎಂದು ಎಲ್ಲರೂ ಒಪ್ಪಿ ಬದುಕುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಆ ತೆರೆದ ಬಾಗಿಲಿನಿಂದಲೇ ಈ ಬಾಂಬೂ ಬಂತು. ಮಾದಕ ವಸ್ತುಗಳ ಮಾರುಕಟ್ಟೆಗಾಗಿ ಹೊಡೆದಾಡುವ ಜಾಲಗಳ ನಾಯಕರಲ್ಲಿ ಹಲವರು ವಿದೇಶದಲ್ಲಿ ಕೂತಿದ್ದಾರೆ. ಎದುರಾಳಿ ಕೈಗೆ ಸಿಗದಿದ್ದರೆ ಅವನ ತಾಯಿಯ ಮನೆ, ತಂಗಿಯ ಮನೆ, ಹಳೆಯ ಬಾಡಿಗೆ ಮನೆ. ಉಪ್ಸಾಲಾ ಹತ್ತಿರದ ಫುಲ್ಲೆರೊದಲ್ಲಿ 2023ರ ಸೆಪ್ಟೆಂಬರ್ 28ರ ನಸುಕಿನಲ್ಲಿ ಸಿಡಿದ ಬಾಂಬ್ ಪಕ್ಕದ ಮನೆಯ ಯುವತಿಯನ್ನು ಕೊಂದಿತು. ಆಕೆ ಶಿಕ್ಷಕಿಯಾಗಲು ಓದು ಮುಗಿಸಿ ಹೆಚ್ಚು ದಿನವಾಗಿರಲಿಲ್ಲ. ಆ ಸಂಜೆ ಪ್ರಧಾನಿ ಉಲ್ಫ್ ಕ್ರಿಸ್ಟೆರ್ಸನ್ ದೇಶವನ್ನುದ್ದೇಶಿಸಿ ಮಾತಾಡಿದರು. ನಾವು ಊಟ ಮಾಡುತ್ತಾ ಅದನ್ನು ನೋಡಿದ್ದೆವು. ನೋಡಿ, ತಟ್ಟೆ ತೊಳೆದಿಟ್ಟು ಮಲಗಿದ್ದೆವು. ಆ ನಿದ್ದೆಯ ಬಗ್ಗೆ ಈಗ ನನಗೆ ನಾಚಿಕೆಯಾಗುತ್ತದೆ.

ನಾನು ಮಾಡಿದ ತಪ್ಪು

ಪೊಲೀಸರು ಕೇಳಿದ ಪ್ರಶ್ನೆ ಸರಳವಾದದ್ದು: ಹಿಂದಿನ ದಿನಗಳಲ್ಲಿ ಅನುಮಾನ ಬರುವಂಥದ್ದೇನಾದರೂ ಕಂಡಿರಾ? ನಾನು ಹೇಳಿದೆ: ಹಿಂದಿನ ಸಂಜೆ ಪಕ್ಕದ ಕಟ್ಟಡದ ಹುಡುಗ ನಮ್ಮ ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದ. ಹದಿನಾಲ್ಕೋ ಹದಿನೈದೋ ಇರಬೇಕು. ತಲೆಗೆ ಹುಡ್ ಎಳೆದುಕೊಂಡಿದ್ದ, ಫೋನ್ ನೋಡುತ್ತಿದ್ದ. ತಂದೆ ಸೊಮಾಲಿಯಾದಿಂದ ಬಂದವರು, ಬಸ್ ಓಡಿಸುತ್ತಾರೆ.

ಹೇಳಿದ್ದೆಲ್ಲ ನಿಜ. ಆದರೆ ಅದೇ ಸಂಜೆ ಅದೇ ಬಾಗಿಲ ಬಳಿ ಸ್ವೀಡಿಷ್ ಹುಡುಗಿಯರಿಬ್ಬರು ಅಷ್ಟೇ ಹೊತ್ತು ನಿಂತಿದ್ದರು. ಅವರ ಹೆಸರು ನನ್ನ ಬಾಯಿಗೆ ಬರಲಿಲ್ಲ. ಅಪ್ಪ ಎಲ್ಲಿಂದ ಬಂದವರು ಎಂದು ಪೊಲೀಸರು ಕೇಳಿಯೇ ಇರಲಿಲ್ಲ, ನಾನಾಗಿ ಸೇರಿಸಿದ್ದು. ಪೊಲೀಸರು ಆ ಮನೆಗೆ ಹೋದರು, ಮಾತಾಡಿದರು, ಬಂದರು. ಅದು ಅವರ ಕೆಲಸ. ಆದರೆ ಸಮವಸ್ತ್ರದವರು ಆ ಮನೆಯ ಬಾಗಿಲು ತಟ್ಟಿದ್ದನ್ನು ಇಡೀ ಅಂಗಳ ನೋಡಿತು. ಮಾರನೇ ವಾರ ಮಗಳ ಶಾಲೆಯ ಗೇಟಿನಲ್ಲಿ ತಾಯಿಯೊಬ್ಬರು ನನ್ನ ಕಿವಿಯ ಬಳಿ, "ಅವನೇ ಅಂತೆ" ಅಂದರು.

ನಮ್ಮ ಭಾರತೀಯ ಕುಟುಂಬಗಳ ವಾಟ್ಸಾಪ್ ಗುಂಪಿನಲ್ಲಿ ಆಗ ಹರಿದಾಡಿದ್ದನ್ನು ಇಲ್ಲಿ ಬರೆಯಲಾರೆ. ಒಂದು ವಾಕ್ಯ ಮಾತ್ರ ಮತ್ತೆ ಮತ್ತೆ ಬಂತು: ನಾವು ಓದಿಕೊಂಡು, ಕೆಲಸಕ್ಕೆ ಬಂದು, ತೆರಿಗೆ ಕಟ್ಟುವವರು, ಅವರ ಹಾಗಲ್ಲ. ನಾನೂ ಒಂದು ಕಾಲದಲ್ಲಿ ಅದನ್ನು ಹೇಳಿದವನೇ. ವಲಸೆ ಬಂದವನಿಗೆ ಹೆದರಿಕೆಯಾದಾಗ ಅವನ ಬೆರಳು ಮೊದಲು ತನ್ನ ಪಕ್ಕದಲ್ಲಿ ನಿಂತ ಇನ್ನೊಬ್ಬ ವಲಸಿಗನ ಕಡೆಗೇ ಹೋಗುತ್ತದೆ. ತಾನು ಬೇರೆ ಎಂದು ಈ ನೆಲದವರಿಗೆ ತೋರಿಸಿಕೊಳ್ಳುವ ಅವಸರ ಅದು. ಪೊಲೀಸರ ಪಟ್ಟಿಯಲ್ಲಿ 2023ರಲ್ಲಿ 59 ಬಡಾವಣೆಗಳು "ಅಪಾಯಕ್ಕೀಡಾದ ಪ್ರದೇಶ" ಎಂದು ಗುರುತಾಗಿದ್ದವು. ಅಲ್ಲಿ ವಲಸೆ ಕುಟುಂಬಗಳೇ ಹೆಚ್ಚು ಎಂಬುದು ಸುಳ್ಳಲ್ಲ. ಗುಂಡೇಟು ತಿಂದು ಸಾಯುವ ಹುಡುಗರಲ್ಲಿ, ಗುಂಡು ಹಾರಿಸುವವರಲ್ಲಿ ಆ ಬಡಾವಣೆಗಳವರು ಬಹಳ ಎಂಬುದೂ ಸುಳ್ಳಲ್ಲ. ಆದರೆ ಅದರಿಂದ ನನ್ನ ಪಕ್ಕದ ಕಟ್ಟಡದ ಈ ಒಬ್ಬ ಹುಡುಗನ ಬಗ್ಗೆ ನನಗೇನೂ ತಿಳಿಯುವುದಿಲ್ಲ. ತಿಳಿದವನಂತೆ ನಾನು ಮಾತಾಡಿದ್ದೆ.

ಹುಡುಗನ ತಂದೆ ಒಂದು ಭಾನುವಾರ ನಮ್ಮ ಬಾಗಿಲು ತಟ್ಟಿದರು. ಒಳಗೆ ಬನ್ನಿ ಅಂದರೂ ಬರಲಿಲ್ಲ. "ಪೊಲೀಸರಿಗೆ ಹೇಳಿದ್ದು ನೀವು ಅಂತ ನನಗೆ ಗೊತ್ತು. ಸಿಟ್ಟಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಹೇಳುತ್ತಿದ್ದೆನೇನೋ. ಅವನು ಗೆಳೆಯನಿಗಾಗಿ ಕಾಯುತ್ತಿದ್ದ. ಈಗ ಕಾಯುವುದಿಲ್ಲ. ಹೊರಗೇ ಹೋಗುವುದಿಲ್ಲ" ಅಂದರು. ನಾನು ಕ್ಷಮೆ ಕೇಳಿದೆ. ಅವರು ತಲೆಯಾಡಿಸಿ ಮೆಟ್ಟಿಲಿಳಿದು ಹೋದರು. ಮುಂಬಾಗಿಲಿನ ಜಾಗದಲ್ಲಿ ಆಗಿನ್ನೂ ಪ್ಲೈವುಡ್ ಇತ್ತು.

ಕಡತದಲ್ಲಿ ಕಂಡದ್ದು

ಬೇಸಿಗೆಯ ಹೊತ್ತಿಗೆ ಹದಿನೇಳರ ಹುಡುಗನೊಬ್ಬನ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು. ಇಲ್ಲಿ ಆರೋಪಪಟ್ಟಿ ಸಲ್ಲಿಸಿದ ಮೇಲೆ ತನಿಖಾ ವರದಿ ಬಹುಪಾಲು ಸಾರ್ವಜನಿಕ ದಾಖಲೆಯಾಗುತ್ತದೆ. ನ್ಯಾಯಾಲಯಕ್ಕೆ ಒಂದು ಇಮೇಲ್ ಬರೆದೆ. ಕೆಲವು ದಿನಗಳಲ್ಲಿ ಪ್ರತಿ ಬಂತು. ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ಬಾಂಬಿಗೆ ನಮ್ಮ ಮನೆ ತೋರಿಸಿಕೊಟ್ಟ ಕಾನೂನೇ, ಅದನ್ನು ಇಟ್ಟವರು ಯಾರೆಂಬುದನ್ನೂ ನನಗೆ ತೋರಿಸಿಕೊಟ್ಟಿತು.

ಬಾಂಬ್ ಇಟ್ಟವನಿಗೆ ಹದಿನಾಲ್ಕು ವರ್ಷ. ಹೆಸರಿನ ಮೇಲೆ ಕಪ್ಪು ಗೀಟು. ಇನ್ನೊಂದು ಪಟ್ಟಣದವನು, ನಮ್ಮ ಬಡಾವಣೆಯನ್ನು ಅದಕ್ಕೆ ಮುಂಚೆ ಕಂಡವನೇ ಅಲ್ಲ. ಹದಿನೇಳರವನು ಥರ್ಮೋಸ್ ಫ್ಲಾಸ್ಕಿನಲ್ಲಿ ತುಂಬಿದ ಸ್ಫೋಟಕವನ್ನು ಅವನಿಗೆ ತಲುಪಿಸಿದ್ದ. ಕೆಲಸ ಕೊಟ್ಟವನು ಯಾರೋ, ಫೋನಿನಾಚೆಗೆ ಒಂದು ಅಡ್ಡಹೆಸರು ಮಾತ್ರ. ಇಲ್ಲಿ ಇದಕ್ಕೆ "ಉಪ್‌ದ್ರಾಗ್" ಎನ್ನುತ್ತಾರೆ, ಒಪ್ಪಿಸಿದ ಕೆಲಸ. ಆ್ಯಪಿನ ಗುಂಪುಗಳಲ್ಲಿ ಉದ್ಯೋಗದ ಜಾಹೀರಾತಿನಂತೆ ಬರುತ್ತದೆ. ಹುಡುಗರನ್ನು ಆರಿಸುವುದಕ್ಕೆ ಕಾರಣ ಇದೆ. ಆಗ ಸ್ವೀಡನ್ನಿನಲ್ಲಿ 15 ತುಂಬದವರಿಗೆ ಶಿಕ್ಷೆ ವಿಧಿಸುವಂತಿರಲಿಲ್ಲ, ಅವರು ಸಮಾಜ ಕಲ್ಯಾಣ ಇಲಾಖೆಯ ಸುಪರ್ದಿಗೆ ಹೋಗುತ್ತಿದ್ದರು. ಮಕ್ಕಳನ್ನು ಕಾಪಾಡಲು ಮಾಡಿದ ನಿಯಮವೇ ಅವರನ್ನು ಅಗ್ಗದ ಆಳುಗಳನ್ನಾಗಿ ಮಾಡಿದೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಗಂಭೀರ ಅಪರಾಧಗಳಿಗೆ ಈ ವಯಸ್ಸನ್ನು 13ಕ್ಕೆ ಇಳಿಸುವ ಪ್ರಸ್ತಾಪ ಮುಂದಿಟ್ಟಿತು. ನನಗೆ ಅದು ಸರಿ ಅನ್ನಿಸುವುದಿಲ್ಲ. ಹದಿಮೂರಕ್ಕೆ ಇಳಿಸಿದರೆ ಫೋನಿನಾಚೆಯವನು ಹನ್ನೆರಡರವನನ್ನು ಹುಡುಕುತ್ತಾನೆ. ನನ್ನ ಹೆಂಡತಿಯ ಅಭಿಪ್ರಾಯ ಬೇರೆ, ಅವಳ ಮಾತಿನಲ್ಲೂ ತೂಕವಿದೆ: "ಹದಿನಾಲ್ಕರವನಿಗೆ ಬಾಂಬ್ ಅಂದರೆ ಏನು ಅಂತ ಗೊತ್ತಿರಲ್ಲ ಅಂತ ನನ್ನ ಹತ್ರ ಹೇಳಬೇಡಿ."

ಅವನಿಗೆ ಏನು ಗೊತ್ತಿತ್ತು ಎಂಬುದು ಸಂದೇಶಗಳಲ್ಲಿದೆ. ನಾನು ಅವನ್ನು ಹಲವು ಸಲ ಓದಿದ್ದೇನೆ. ಬಾಗಿಲ ಕೋಡ್ ಕೆಲಸ ಮಾಡುತ್ತಿಲ್ಲ ಎಂದು ಅವನು ಬರೆಯುತ್ತಾನೆ. ನಮ್ಮ ಕಟ್ಟಡದ ಮನೆಯವರ ಸಂಘ ನವೆಂಬರಿನಲ್ಲಿ ಕೋಡ್ ಬದಲಾಯಿಸಿತ್ತು, ಅವರ ಕೈಯಲ್ಲಿದ್ದದ್ದು ಹಳೆಯದು. ಅಲ್ಲೇ ಇಡು, ವಿಡಿಯೊ ಮಾಡು, ಓಡು ಎಂದು ಉತ್ತರ ಬರುತ್ತದೆ. ಕೋಡ್ ಹಳೆಯದಲ್ಲದೇ ಹೋಗಿದ್ದರೆ ಆ ಫ್ಲಾಸ್ಕು ಎರಡನೇ ಮಹಡಿಯಲ್ಲಿ, ಮಗಳ ಕೋಣೆಯ ನೇರ ಮೇಲೆ ಇರುತ್ತಿತ್ತು. ಆಮೇಲೆ ಹುಡುಗ ವಿಡಿಯೊ ಕಳಿಸುತ್ತಾನೆ. ಮತ್ತೆ ಬರೆಯುತ್ತಾನೆ: ಬಸ್ಸಿಲ್ಲ, ಮನೆಗೆ ಹೇಗೆ ಹೋಗಲಿ? ಉತ್ತರವಿಲ್ಲ. ತುಂಬಾ ಚಳಿ, ಎನ್ನುತ್ತಾನೆ. ಉತ್ತರವಿಲ್ಲ. ಬೆಳಿಗ್ಗೆ ಐದೂವರೆಗೆ ಮೊದಲ ಮೆಟ್ರೋಗಾಗಿ ಕಾಯುತ್ತಿದ್ದಾಗ ಎರಡು ನಿಲ್ದಾಣ ಆಚೆ ಸಿಕ್ಕಿಬಿದ್ದ. ಹೇಳಿದ ಹಣ ಅವನಿಗೆ ಬರಲಿಲ್ಲ.

ಅವನ ಮೇಲೆ ನನಗೆ ಕರುಣೆಯಿದೆ ಎಂದು ಬರೆಯಲು ಕೈ ಬರುವುದಿಲ್ಲ. ಇಲ್ಲ ಎಂದು ಬರೆಯಲೂ ಬರುವುದಿಲ್ಲ.

ನಂತರದ ತಿಂಗಳುಗಳು

ಕಟ್ಟಡದ ವಿಮೆ ಬಾಗಿಲಿಗೆ, ಮೆಟ್ಟಿಲಿಗೆ ಹಣ ಕೊಟ್ಟಿತು. ಸಂಘ ತನ್ನ ಪಾಲು ಭರಿಸಬೇಕಾಗಿ ಬಂದು ತಿಂಗಳ ಶುಲ್ಕ ಏರಿತು. ಕೆಳಗಿನ ಮನೆಯವರು ಮಾರಿಕೊಂಡು ಹೋದರು. ಕ್ಯಾಮೆರಾ ಹಾಕುವ ಚರ್ಚೆ ಮೂರು ಸಭೆ ನಡೆಯಿತು. ಖಾಸಗಿತನಕ್ಕೆ ಧಕ್ಕೆಯಾಗುವುದಕ್ಕಿಂತ ಅಗತ್ಯ ದೊಡ್ಡದೆಂದು ದಾಖಲಿಸಬೇಕು ಎನ್ನುವ ನಿಯಮವಿದೆ. ಕೊನೆಗೆ ಬಾಗಿಲಿಗೆ ಒಂದು ಬಂತು.

ನನಗೆ ನಿಜವಾಗಿ ನೆರವಾದದ್ದು ರಾತ್ರಿ ನಡಿಗೆ. "ನಾಟ್‌ವಾಂದ್ರಿಂಗ್" ಅನ್ನುತ್ತಾರೆ. ದೊಡ್ಡವರು ನಾಲ್ಕೈದು ಜನ ಹೊಳೆಯುವ ಜಾಕೆಟ್ ಹಾಕಿಕೊಂಡು ಶುಕ್ರವಾರ, ಶನಿವಾರ ರಾತ್ರಿ ಬಡಾವಣೆ ಸುತ್ತುವುದು. ಯಾರನ್ನೂ ತಡೆಯುವುದಿಲ್ಲ, ತನಿಖೆ ಮಾಡುವುದಿಲ್ಲ, ಸುಮ್ಮನೆ ಅಲ್ಲಿರುವುದು. ಬರುವ ಹುಡುಗರಿಗೆ "ಹೇ" ಅನ್ನುವುದು. ಇದು 1980ರ ದಶಕದಿಂದ ಇರುವ ಪದ್ಧತಿ. ಅಷ್ಟು ವರ್ಷ ಇಲ್ಲಿದ್ದೂ ನಾನು ಒಮ್ಮೆಯೂ ಹೋಗಿರಲಿಲ್ಲ. ಇಂಥದ್ದೆಲ್ಲ ಸರ್ಕಾರದ ಕೆಲಸ ಎಂದುಕೊಂಡಿದ್ದೆ. ಮಾರ್ಚಿನಲ್ಲಿ ಮೊದಲ ಸಲ ಹೋದಾಗ, ಜಾಕೆಟ್ ಹಂಚುತ್ತಿದ್ದವರು ಆ ಹುಡುಗನ ತಂದೆ. ಅವರು ಆರು ವರ್ಷದಿಂದ ಬರುತ್ತಿದ್ದಾರಂತೆ.

ನಾವಿಬ್ಬರೂ ಈಗ ತಿಂಗಳಿಗೆರಡು ಸಲ ಜೊತೆಗೆ ನಡೆಯುತ್ತೇವೆ. ಅವರಿಗೆ ಹುಡುಗರ ಹೆಸರು ಗೊತ್ತು, ಅಮ್ಮಂದಿರ ಹೆಸರೂ ಗೊತ್ತು. ಯಾವ ಹುಡುಗ ಇದ್ದಕ್ಕಿದ್ದಂತೆ ಹೊಸ ಜಾಕೆಟ್ ಹಾಕಿದ್ದಾನೆ, ಯಾವನು ಫುಟ್‌ಬಾಲ್ ತರಬೇತಿ ಬಿಟ್ಟ, ಯಾರ ಕೈಗೆ ಎರಡು ಫೋನ್ ಬಂತು ಎಂದು ಕಂಡುಹಿಡಿಯುವುದನ್ನು ಅವರೇ ಕಲಿಸಿದರು. ಅಂಥದ್ದು ಕಂಡರೆ ಸಮಾಜ ಕಲ್ಯಾಣ ಇಲಾಖೆಗೆ ತಿಳಿಸಬಹುದು. ಶಿಕ್ಷಕರಿಗಂತೂ ತಿಳಿಸುವುದು ಕಡ್ಡಾಯ. ಆದರೆ ವಲಸೆ ಕುಟುಂಬಗಳಲ್ಲಿ ಆ ಇಲಾಖೆಯ ಹೆಸರು ಕೇಳಿದರೆ ನಡುಕ, ಮಕ್ಕಳನ್ನು ಕಿತ್ತುಕೊಂಡು ಹೋಗುತ್ತಾರೆ ಎಂದು. ನಮ್ಮವರಲ್ಲೂ ಅದೇ ಹೆದರಿಕೆ. ಇಂತಿಂಥ ಮನೆಯ ತಾಯಿ ಮೊದಲು ನನ್ನ ಹತ್ತಿರ ಬಂದು ಅತ್ತರೆ, ಇಬ್ಬರೂ ಸೇರಿ ಇಲಾಖೆಗೆ ಹೋಗುತ್ತೇವೆ, ಅಂದರು ಅವರು. ದಾರಿಯಲ್ಲಿ ಎರಡು ನಿಮಿಷ ಹೇಳಿ ಮುಗಿಸಿದ ಮಾತು. ಈ ದೇಶದ ಹಿಂಸೆಯ ಬಗ್ಗೆ ನಾನು ಓದಿದ ಎಲ್ಲ ಲೇಖನಗಳಿಗಿಂತ ನನಗೆ ಹೆಚ್ಚು ತಿಳಿಸಿತು.

ವಾಪಸ್ ಬಂದುಬಿಡಿ ಎಂದು ಅಮ್ಮ ಫೋನಿನಲ್ಲಿ ಪ್ರತಿ ವಾರ ಹೇಳುತ್ತಾಳೆ. ಹೆಂಡತಿ ಒಂದು ಕಾಗದದ ಮೇಲೆ ಎರಡು ಪಟ್ಟಿ ಮಾಡಿದ್ದಳು, ಇರುವುದಕ್ಕೆ, ಹೋಗುವುದಕ್ಕೆ. ಇನ್ನೂ ಫ್ರಿಜ್ಜಿನ ಮೇಲಿದೆ. ಒಂದು ಕೋಟಿ ಜನರಿರುವ ದೇಶದಲ್ಲಿ ವರ್ಷಕ್ಕೆ ಮುನ್ನೂರು ಚಿಲ್ಲರೆ ಸ್ಫೋಟ, ಅವುಗಳಲ್ಲಿ ಸಾಯುವವರು ಬೆರಳೆಣಿಕೆ. ಈ ಲೆಕ್ಕವನ್ನು ನಾನು ಅವಳಿಗೆ ಹೇಳಿದೆ. "ಮುನ್ನೂರರಲ್ಲಿ ಒಂದು ನಮ್ಮ ಬಾಗಿಲಿಗೇ ಬಂತಲ್ಲ ರೀ" ಅಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಗಳ ಶಾಲಾ ವರ್ಷ ಮುಗಿಯುವವರೆಗೆ ಎಂದು ಶುರುವಾದದ್ದು ಈಗ ಮುಂದಿನ ವರ್ಷದವರೆಗೆ ಎಂದಾಗಿದೆ. ನಾನು ಇರಬೇಕೆನ್ನುವವನು. ಅವಳು ಇನ್ನೂ ತೀರ್ಮಾನಿಸಿಲ್ಲ, ಮತ್ತು ತೀರ್ಮಾನಿಸುವ ಹಕ್ಕು ಅವಳಿಗೆ ನನ್ನಷ್ಟೇ ಇದೆ.

ಸಂಘದ ವಾರ್ಷಿಕ ಸಭೆಯಲ್ಲಿ ಮುಂಬಾಗಿಲ ಒಳಗಿನ ಹೆಸರು ಫಲಕವನ್ನು ತೆಗೆದುಹಾಕಿ, ಮನೆ ಬಾಗಿಲುಗಳ ಮೇಲೂ ಸಂಖ್ಯೆ ಮಾತ್ರ ಇಡುವ ಪ್ರಸ್ತಾಪ ಬಂತು. ನೋಂದಣಿಯಲ್ಲಿ ಹೆಸರು ಹೇಗೂ ಇದ್ದೇ ಇರುತ್ತದೆ, ಫಲಕ ತೆಗೆದರೆ ಏನು ಬಂತು ಎಂದು ಕೆಲವರು ವಾದಿಸಿದರು. ಆದರೂ ಆರು ಮನೆ ಪರ, ಎರಡು ವಿರುದ್ಧ, ಒಂದು ತಟಸ್ಥ. ನಾನು ಪರವಾಗಿ ಕೈ ಎತ್ತಿದೆ. ಫಲಕ ಹೋಯಿತು. ಅಂಚೆಯವನಿಗೆ ಬಾಗಿಲು ಗೊತ್ತಾಗದೆ ಒಂದು ತಿಂಗಳು ನಮ್ಮ ಕಾಗದಗಳು ಎದುರು ಮನೆಗೆ ಬಿದ್ದವು. ಆಮೇಲೆ ಕೆಳಗೆ ಬೀಗದ ಅಂಚೆಪೆಟ್ಟಿಗೆಗಳು ಬಂದವು.

ಮೂರನೇ ಮಹಡಿಯ ಅಜ್ಜಿ ಮಾತ್ರ ತಮ್ಮ ಬಾಗಿಲಿನ ಹಿತ್ತಾಳೆ ಪಟ್ಟಿಯನ್ನು ತೆಗೆಯಲಿಲ್ಲ. ಗಂಡನ ಹೆಸರೂ ಅದರಲ್ಲಿದೆ, ಅವರು ತೀರಿಕೊಂಡು ಹದಿನೈದು ವರ್ಷವಾಗಿದೆ. ಸಂಘದ ಕಾರ್ಯದರ್ಶಿ ಎರಡು ಸಲ ಚೀಟಿ ಹಾಕಿದರು. ಮೂರನೇ ಸಲದ ಚೀಟಿ ಹಾಕುವ ಕೆಲಸ ನನಗೆ ಬಂದಿದೆ, ಈ ವರ್ಷ ನಾನೂ ಸಮಿತಿಯಲ್ಲಿದ್ದೇನೆ. ಚೀಟಿ ಎರಡು ವಾರದಿಂದ ಕೋಟಿನ ಜೇಬಿನಲ್ಲಿದೆ.